ಮಳೆ ನಿಂತ ಮೇಲೆ ಶುರುವಾಗುವ ನೆಗಡಿ

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನಗೆ 36 ವರ್ಷ, ಶಾಲೆಯಲ್ಲಿ ಟೀಚರ್. ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಹೊರವಲಯದ ಒಂದು ಲೇಔಟ್‌ಗೆ ಮನೆ ಬದಲಾಯಿಸಿದೆವು. ಎರಡನೇ ವರ್ಷದಿಂದ, ಆಗಸ್ಟ್ ಬಂತೆಂದರೆ ಸಾಕು, ಬೆಳಗ್ಗೆ ಎದ್ದ ಕೂಡಲೇ ಹದಿನೈದು ಇಪ್ಪತ್ತು ಸೀನು ಒಂದೇ ಸಮನೆ. ಮೂಗು ನೀರಿನ ಹಾಗೆ ಸೋರುತ್ತದೆ, ಕಣ್ಣು ತುರಿಸುತ್ತದೆ. ರಾತ್ರಿ ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತೇನೆ. ಡಿಸೆಂಬರ್ ಕೊನೆಗೆ ತಾನಾಗಿ ಕಡಿಮೆಯಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮಾತ್ರೆ ತೊಗೊಂಡರೆ ಕ್ಲಾಸಿನಲ್ಲೇ ತೂಕಡಿಕೆ. ಕೆಲವರು ಡಸ್ಟ್ ಅಲರ್ಜಿ ಎಂದರು. ಲ್ಯಾಬಿನಲ್ಲಿ ನೂರಕ್ಕೂ ಹೆಚ್ಚು ಪದಾರ್ಥಗಳ ರಕ್ತ ಪರೀಕ್ಷೆ ಮಾಡಿಸಿದೆ. ಬದನೆಕಾಯಿ, ಕಡಲೆಬೇಳೆ, ಹಾಲು ಎಲ್ಲ ಪಾಸಿಟಿವ್ ಬಂತು. ಕಳೆದ ವರ್ಷ ಆರು ತಿಂಗಳು ಅವನ್ನೆಲ್ಲ ಬಿಟ್ಟೆ, ಏನೂ ವ್ಯತ್ಯಾಸ ಆಗಲಿಲ್ಲ. ಪಕ್ಕದ ಖಾಲಿ ಸೈಟಿನ ತುಂಬ ಕಾಂಗ್ರೆಸ್ ಗಿಡ, ಹುಲ್ಲು. ನಮ್ಮ ಅತ್ತೆ ತಾರಸಿಯ ಗುಲಾಬಿ, ದಾಸವಾಳದ ಕುಂಡ ತೆಗೆದುಬಿಡು ಅನ್ನುತ್ತಾರೆ. ಆ ಸೈಟು ಕ್ಲೀನ್ ಮಾಡಿಸಿದರೆ ಸರಿಹೋಗುತ್ತಾ? ಮೂಗಿಗೆ ಸ್ಪ್ರೇ ಬರೆದುಕೊಟ್ಟಿದ್ದರು. ಸ್ಟೀರಾಯ್ಡ್ ಅಂತ ಗೊತ್ತಾಗಿ ಭಯದಿಂದ ನಾಲ್ಕೇ ದಿನಕ್ಕೆ ಬಿಟ್ಟೆ. ಎಂಟು ವರ್ಷದ ಮಗನೂ ಈಗ ಮೂಗು ಉಜ್ಜಲು ಶುರುಮಾಡಿದ್ದಾನೆ. ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿರುವ ತಮ್ಮನ ಮನೆಗೆ ಹೋಗುವುದಿದೆ, ಅದೂ ಒಂದು ಚಿಂತೆ. ಈಗ ಜುಲೈ. ಮತ್ತೆ ಶುರುವಾಗುವ ಮುಂಚೆ ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು. ಅದನ್ನು ಜುಲೈಯಲ್ಲಿ ಕೇಳಿದ್ದೀರಲ್ಲ, ಅದು ತುಂಬಾ ಒಳ್ಳೆಯದಾಯಿತು. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಅಕ್ಟೋಬರ್‌ನಲ್ಲಿ, ಮೂಗು ಕೆಂಪಾಗಿ ಕಣ್ಣು ಊದಿಕೊಂಡ ಮೇಲೆ ಬರುತ್ತಾರೆ. ಆಗ ಚಿಕಿತ್ಸೆಗೆ ದುಪ್ಪಟ್ಟು ಕಷ್ಟ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಮೂರು ವಿಷಯ. ಆಗಸ್ಟ್‌ನಿಂದ ಡಿಸೆಂಬರ್, ಕಣ್ಣಿನ ತುರಿಕೆ, ಮತ್ತೆ ಹೊಸ ಮನೆಗೆ ಹೋದ ಎರಡನೇ ವರ್ಷ. ಮನೆಯೊಳಗಿನ ಧೂಳಿನ ನುಸಿಯಿಂದ, ಅಂದರೆ ಹಾಸಿಗೆ ದಿಂಬುಗಳಲ್ಲಿರುವ ಕಣ್ಣಿಗೆ ಕಾಣದ ಹುಳದಿಂದ ಬರುವ ಅಲರ್ಜಿ ಸಾಮಾನ್ಯವಾಗಿ ವರ್ಷವಿಡೀ ಕಾಡುತ್ತದೆ. ಡಿಸೆಂಬರ್ ಮುಗಿದ ತಕ್ಷಣ ಗಂಟು ಮೂಟೆ ಕಟ್ಟುವುದಿಲ್ಲ. ಕಣ್ಣು ಇಷ್ಟು ತುರಿಸುವುದೂ ಪರಾಗದ ಅಲರ್ಜಿಯಲ್ಲೇ ಜಾಸ್ತಿ. ಇನ್ನು ಮೊದಲ ವರ್ಷ ಏನೂ ಆಗದೆ ಎರಡನೇ ವರ್ಷ ಶುರುವಾಗಿದ್ದು ಆಶ್ಚರ್ಯ ಅಲ್ಲ. ಅಲರ್ಜಿ ಮೊದಲ ಭೇಟಿಯಲ್ಲಿ ಬರುವುದಿಲ್ಲ. ಆ ಪರಾಗ ಮೂಗಿಗೆ ಮತ್ತೆ ಮತ್ತೆ ಬಿದ್ದು, ನಿಮ್ಮ ದೇಹ ಅದಕ್ಕೆ ಐಜಿಇ ಅನ್ನುವ ಪ್ರತಿಕಾಯ ತಯಾರಿಸಿಟ್ಟುಕೊಳ್ಳಬೇಕು. ಅದಕ್ಕೆ ಒಂದೆರಡು ಸೀಸನ್ ಹಿಡಿಯುತ್ತದೆ. ಆಮೇಲೆ ಪರಾಗ ಮೂಗಿನ ಒಳಪದರಕ್ಕೆ ತಾಗಿದ ಕೆಲವೇ ನಿಮಿಷದಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗಿ ಸೀನು, ತುರಿಕೆ, ಸೋರುವುದು. ಅಲ್ಲಿಗೇ ಮುಗಿಯುವುದಿಲ್ಲ. ನಾಲ್ಕರಿಂದ ಎಂಟು ಗಂಟೆಯ ನಂತರ ಎರಡನೇ ಸುತ್ತು. ಆಗ ಒಳಪದರ ಊದಿಕೊಂಡು ಮೂಗು ಕಟ್ಟುತ್ತದೆ. ಹಗಲು ಸೀನಿದ ನೀವು ರಾತ್ರಿ ಬಾಯಲ್ಲಿ ಉಸಿರಾಡುವುದಕ್ಕೆ ಇದೂ ಒಂದು ಕಾರಣ.

ಮೊದಲು ನಿಮ್ಮ ಗುಲಾಬಿ, ದಾಸವಾಳ ಉಳಿಸುತ್ತೇನೆ. ಬಣ್ಣ ಬಣ್ಣದ, ದೊಡ್ಡ ಹೂಗಳು ದುಂಬಿ, ಜೇನಿಗಾಗಿ ಅರಳುವಂಥವು. ಅವುಗಳ ಪರಾಗ ದಪ್ಪ, ಅಂಟು ಅಂಟು. ಗಾಳಿಯಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ನಮ್ಮ ಮೂಗಿಗೆ ತೊಂದರೆ ಕೊಡುವುದು ಯಾರೂ ಹೂ ಎಂದು ಗುರುತಿಸದ ಹೂಗಳು. ಪ್ರತಿ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಅರಳಿದಾಗ ಅದರ ಮೇಲೆ ದೂರು ಹೇಳಿಕೊಂಡು ಜನ ಬರುತ್ತಾರೆ. ಪಾಪ, ಅದರದ್ದೇನೂ ತಪ್ಪಿಲ್ಲ. ಅದೇ ಹೊತ್ತಿಗೆ ಸದ್ದಿಲ್ಲದೆ ಹೂ ಬಿಡುವ ತಪಸಿಯಂಥ ಮರಗಳ ಪರಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೇ.

ಹಾಗಾದರೆ ಆಗಸ್ಟ್‌ನಲ್ಲಿ ಯಾರು? ಒಂದು ಸಣ್ಣ ಕೆಲಸ ಮಾಡಿ. ನೀವಲ್ಲ, ಮನೆಯಲ್ಲಿ ಅಲರ್ಜಿ ಇಲ್ಲದ ಯಾರಾದರೂ ಮಾಡಲಿ. ಗೌರಿ ಗಣೇಶ ಹಬ್ಬದ ಹೊತ್ತಿಗೆ ಆ ಸೈಟಿನ ಅಂಚಿನಲ್ಲಿ ಗರಿಕೆ ನೋಡಿ. ಪೂಜೆಗೆ ಕೀಳುವ ಎಳೆಯ ಮೂರು ಎಸಳಿನ ಗರಿಕೆ ಅಲ್ಲ. ಬಲಿತು, ತುದಿಯಲ್ಲಿ ಛತ್ರಿಯ ಕಡ್ಡಿಗಳ ಹಾಗೆ ನಾಲ್ಕೈದು ಸಣ್ಣ ಕಡ್ಡಿ ಬಿಚ್ಚಿಕೊಂಡಿರುತ್ತದಲ್ಲ, ಅದು. ಅದೇ ಗರಿಕೆಯ ಹೂ. ಹತ್ತಿರದಿಂದ ನೋಡಿದರೆ ಆ ಕಡ್ಡಿಗಳಿಂದ ನೇರಳೆ ಬಣ್ಣದ ಚುಕ್ಕಿಯಂಥ ಚೀಲಗಳು ನೇತಾಡುತ್ತಿರುತ್ತವೆ. ಬೆಳಗಿನ ಹೊತ್ತು ಅದನ್ನು ಒಂದು ಕಪ್ಪು ಕಾಗದದ ಮೇಲೆ ಮೆಲ್ಲಗೆ ತಟ್ಟಿ. ತೆಳುವಾದ ಹಳದಿ ಹುಡಿ ಉದುರುತ್ತದೆ. ಅದರ ಒಂದೊಂದು ಕಾಳೂ ಸುಮಾರು 30 ಮೈಕ್ರಾನ್. ಒಂದು ಮಿಲಿಮೀಟರ್ ಉದ್ದದಲ್ಲಿ ಮೂವತ್ತು ಕಾಳು ಸಾಲಾಗಿ ಕೂರುತ್ತವೆ. ಗಾಳಿ ಬೀಸಿದರೆ ಹೊರಟೇಬಿಡುತ್ತದೆ. ಮುಂಗಾರಿನಲ್ಲಿ ಬೆಳೆದ ಹುಲ್ಲುಗಳೆಲ್ಲ ಮಳೆ ಕಡಿಮೆಯಾಗುತ್ತಿದ್ದಂತೆ ಹೀಗೆ ತೆನೆ ಬಿಡುತ್ತವೆ. ಜೋಳ, ಸಜ್ಜೆ, ಮೆಕ್ಕೆಜೋಳವೂ ಹುಲ್ಲಿನ ಜಾತಿಯೇ. ಹೊಲದ ಪಕ್ಕ ಇರುವವರು ಅದನ್ನೂ ಲೆಕ್ಕಕ್ಕೆ ತೊಗೋಬೇಕು. ಇವುಗಳ ಜೊತೆಗೆ ಕಳೆ ಗಿಡಗಳು. ರಸ್ತೆ ಬದಿಯ ಮುಳ್ಳುಹರಿವೆ, ಕಾಡು ಹರಳು, ಮತ್ತು ಎಲ್ಲದಕ್ಕಿಂತ ಹೆಚ್ಚಾಗಿ ನೀವು ಹೆಸರಿಸಿದ ಕಾಂಗ್ರೆಸ್ ಗಿಡ. ಅಂದರೆ ಪಾರ್ಥೇನಿಯಂ.

ಪಾರ್ಥೇನಿಯಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಇದರ ತವರು ಅಮೆರಿಕ ಖಂಡದ ಬಿಸಿ ಪ್ರದೇಶ. ನಮ್ಮ ದೇಶದಲ್ಲಿ ಇದು ಹರಡುತ್ತಿರುವುದನ್ನು 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗಮನಿಸಿದರು. ಆಮದು ಗೋಧಿಯ ಜೊತೆ ಬೀಜ ಬಂತು ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಬಂದರೂ, ಕೆಲವೇ ದಶಕಗಳಲ್ಲಿ ಕರ್ನಾಟಕದ ಖಾಲಿ ಜಾಗವೆಲ್ಲ ಅದರದ್ದಾಯಿತು. ಬೀಜ ಮೊಳೆತು ಒಂದು ಒಂದೂವರೆ ತಿಂಗಳಿಗೆ ಹೂ ಬಿಡುತ್ತದೆ. ಒಂದು ದೊಡ್ಡ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ತೇವ ಇದ್ದರೆ ವರ್ಷದಲ್ಲಿ ನಾಲ್ಕು ತಲೆಮಾರು. ಹಾಗಾಗಿ ಇದರ ಕಾಟ ಹುಲ್ಲಿನ ಹಾಗೆ ಒಂದು ಕಾಲಕ್ಕೆ ನಿಲ್ಲುವುದಿಲ್ಲ. ಆದರೆ ಮಳೆಗಾಲದಲ್ಲಿ ಎದ್ದು, ಆಗಸ್ಟ್ ನಂತರ ಬೆಳ್ಳಗೆ ಅರಳಿ ನಿಂತಾಗ ಜೋರು. ಇದರ ಪರಾಗ ಮೂಗಿಗೆ ಅಲರ್ಜಿ ತರುತ್ತದೆ ಎಂಬುದರ ಮೇಲೆ ಮೊದಮೊದಲ ಮುಖ್ಯ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಡಾ. ಎಸ್. ಎನ್. ಆಗಾಶೆಯವರು ಈ ಊರಿನ ಗಾಳಿಯಲ್ಲಿ ಯಾವ ಪರಾಗ ಇದೆ ಎಂದು ವರ್ಷಗಟ್ಟಲೆ ನೋಡಿದವರು. ಊರಿನ ಮೂಗಿನ ಕಷ್ಟ ಅರ್ಥ ಮಾಡಿಕೊಳ್ಳಲು ಅಂಥ ಕೆಲಸ ಎಷ್ಟು ಬೇಕು ಅನ್ನುವುದು ನನ್ನಂಥವರಿಗೆ ದಿನಾ ಗೊತ್ತಾಗುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪಾರ್ಥೇನಿಯಂ ಎರಡು ಬೇರೆ ಬೇರೆ ಕಾಯಿಲೆ ತರುತ್ತದೆ. ಒಂದು ನಿಮ್ಮದು, ಪರಾಗದಿಂದ ಮೂಗಿಗೆ. ಇನ್ನೊಂದು ಚರ್ಮಕ್ಕೆ. ಗಿಡದ ರೋಮ, ಒಣಗಿದ ಎಲೆಯ ಪುಡಿಯಲ್ಲಿರುವ ಪಾರ್ಥೆನಿನ್ ಅನ್ನುವ ವಸ್ತು ತಾಗಿ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಕಪ್ಪಾಗಿ ದಪ್ಪಗಾಗಿ ತುರಿಸುತ್ತದೆ. ಹೊಲದಲ್ಲಿ ದುಡಿಯುವವರಲ್ಲಿ ಇದನ್ನು ತುಂಬಾ ನೋಡುತ್ತೇವೆ. ಅದರ ಪರೀಕ್ಷೆಯೇ ಬೇರೆ, ಬೆನ್ನ ಮೇಲೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವುದು. ಚರ್ಮದ ತೊಂದರೆ ಇರುವವರಿಗೆ ಸೇವಂತಿಗೆ ಕಟ್ಟಿದರೂ ಕೈ ತುರಿಸಬಹುದು, ಎರಡೂ ಒಂದೇ ಕುಟುಂಬದ ಗಿಡಗಳು. ಹೂ ಮಾರುವ ಒಬ್ಬ ತಾಯಿ ವರ್ಷಗಟ್ಟಲೆ ಸೋಪು ಬದಲಾಯಿಸುತ್ತಾ ಇದ್ದರು. ಕೊನೆಗೆ ಸೇವಂತಿಗೆ ಬಿಟ್ಟು ಮಲ್ಲಿಗೆ, ಕನಕಾಂಬರ ಮಾತ್ರ ಕಟ್ಟಲು ಶುರುಮಾಡಿದ ಮೇಲೆ ಬೆರಳು ಸರಿಹೋಯಿತು. ನಿಮಗೆ ಚರ್ಮದ ತೊಂದರೆ ಇದ್ದರೆ ಡಾಕ್ಟರಿಗೆ ಬೇರೆಯಾಗಿ ಹೇಳಿ.

ಈಗ ಆ ರಕ್ತ ಪರೀಕ್ಷೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಬೇಜಾರಾದದ್ದು ಇದೇ. ಬದನೆಕಾಯಿ, ಕಡಲೆಬೇಳೆ, ಹಾಲು ಬಿಟ್ಟು ಆರು ತಿಂಗಳು ಊಟ ಮಾಡಿದ್ದೀರಿ. ಸುಮ್ನೆ. ಪರೀಕ್ಷೆಯಲ್ಲಿ ಪಾಸಿಟಿವ್ ಅಂದರೆ ನಿಮ್ಮ ರಕ್ತದಲ್ಲಿ ಆ ಪದಾರ್ಥದ ವಿರುದ್ಧ ಒಂದಿಷ್ಟು ಪ್ರತಿಕಾಯ ಇದೆ ಅಂತ ಅಷ್ಟೇ. ಅದನ್ನು ತಿಂದಾಗ ನಿಮಗೆ ತೊಂದರೆ ಆಗುತ್ತದೆ ಅಂತ ಅಲ್ಲ. ಪರಾಗದ ಅಲರ್ಜಿ ಇರುವವರಲ್ಲಿ ತರಕಾರಿ, ಕಾಳುಗಳಿಗೂ ಹೀಗೆ ಅರ್ಧಂಬರ್ಧ ಪಾಸಿಟಿವ್ ಬರುವುದು ಸಾಮಾನ್ಯ, ಏಕೆಂದರೆ ಗಿಡಗಳ ಪ್ರೋಟೀನುಗಳು ಒಂದಕ್ಕೊಂದು ಹೋಲುತ್ತವೆ. ಕೆಲವು ಲ್ಯಾಬುಗಳು ಐಜಿಇ ಬದಲು ಐಜಿಜಿ ಅನ್ನುವ ಬೇರೊಂದು ಪ್ರತಿಕಾಯ ನೋಡುತ್ತವೆ. ಅದಂತೂ ನೀವು ಅದನ್ನು ತಿನ್ನುತ್ತೀರಿ ಎಂಬುದಕ್ಕೆ ಸಾಕ್ಷಿ, ಅಲರ್ಜಿಗಲ್ಲ. ತಿಂದು ಎರಡು ಗಂಟೆಯೊಳಗೆ ಬಾಯಿ ತುರಿಕೆ, ಪಿತ್ತದ ಗಂಧೆ, ವಾಂತಿ, ಉಸಿರು ಕಟ್ಟುವುದು ಏನೂ ಆಗದಿದ್ದರೆ ಇವತ್ತಿನಿಂದಲೇ ಹಾಲು ಕುಡಿಯಿರಿ, ಎಣ್ಣೆಗಾಯಿ ಮಾಡಿ ಊಟ ಮಾಡಿ.

ಪರೀಕ್ಷೆ ಮಾಡಿಸಲೇಬೇಕು ಅಂದರೆ ಚರ್ಮಕ್ಕೆ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್ ಮಾಡಿಸಿ. ಮುಂಗೈ ಮೇಲೆ ಒಂದೊಂದು ಹನಿ ದ್ರಾವಣ ಇಟ್ಟು, ಆ ಹನಿಯ ಮೂಲಕ ಚರ್ಮದ ಮೇಲ್ಪದರವನ್ನು ಸೂಜಿಮೊನೆಯಿಂದ ಲಘುವಾಗಿ ಒತ್ತುತ್ತಾರೆ. ರಕ್ತ ಬರುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷಕ್ಕೆ ಸೊಳ್ಳೆ ಕಚ್ಚಿದ ಹಾಗೆ ಗುಳ್ಳೆ ಎದ್ದರೆ ಅಳೆಯುತ್ತಾರೆ. ಬರೀ ಉಪ್ಪುನೀರಿನ ಹನಿಗಿಂತ ಮೂರು ಮಿಲಿಮೀಟರ್ ದೊಡ್ಡದಿದ್ದರೆ ಪಾಸಿಟಿವ್. ಅದಕ್ಕೂ ಒಂದು ವಾರ ಮುಂಚೆ ಅಲರ್ಜಿ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಗುಳ್ಳೆಯೇ ಏಳುವುದಿಲ್ಲ. ಮೂಗಿನ ಸ್ಪ್ರೇ ನಿಲ್ಲಿಸಬೇಕಿಲ್ಲ. ನೂರು ಪದಾರ್ಥ ಬೇಡ. ಪಾರ್ಥೇನಿಯಂ, ಗರಿಕೆ, ನಿಮ್ಮ ಕಡೆಯ ನಾಲ್ಕಾರು ಹುಲ್ಲು ಮತ್ತು ಕಳೆ, ಧೂಳಿನ ನುಸಿ, ಜಿರಳೆ, ಬೂಷ್ಟು ಸಾಕು. ನುಸಿಯನ್ನು ಸೇರಿಸಲು ಕಾರಣ ಇದೆ. ಮಳೆಗಾಲದ ತೇವಕ್ಕೆ ನುಸಿಯೂ ಜಾಸ್ತಿಯಾಗುತ್ತದೆ. ಎರಡೂ ಇರುವವರು ಬೇಕಾದಷ್ಟು ಜನ ಇದ್ದಾರೆ. ಆ ಪೈಕಿ ಯಾವುದು ನಿಮ್ಮನ್ನು ಕಾಡುತ್ತಿದೆ ಎಂದು ಗೊತ್ತಾಗುವುದು ಗುಳ್ಳೆ ಮತ್ತು ಕ್ಯಾಲೆಂಡರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ. ಯಾವ ದಿನ ಜಾಸ್ತಿ, ಎಲ್ಲಿದ್ದಾಗ ಜಾಸ್ತಿ ಅಂತ ಈ ಸಲ ಬರೆದಿಡಿ. ಟೀಚರ್ ಆದ ನಿಮಗೆ ಅದು ಹೇಳಿಕೊಡಬೇಕಿಲ್ಲ.

ಸೈಟಿನ ವಿಷಯ. ಕ್ಲೀನ್ ಮಾಡಿಸಿ, ಆದರೆ ಅದರಿಂದಲೇ ವಾಸಿಯಾಗುತ್ತದೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ ಚಾರ್ಲ್ಸ್ ಬ್ಲಾಕ್ಲಿ ಅಂತ ಒಬ್ಬ ವೈದ್ಯರಿದ್ದರು. ಅವರಿಗೂ ಇದೇ ಕಾಯಿಲೆ. ತಮ್ಮ ಮೂಗಿಗೆ ತಾವೇ ಹುಲ್ಲಿನ ಪರಾಗ ಹಾಕಿಕೊಂಡು ಪರೀಕ್ಷೆ ಮಾಡಿದರು. ಅಂಟು ಹಚ್ಚಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಅಷ್ಟು ಎತ್ತರದಲ್ಲೂ ಪರಾಗ ಸಿಗುತ್ತದೆ ಎಂದು ತೋರಿಸಿದರು. ಅದೆಲ್ಲ 1873ರಲ್ಲೇ ಅಚ್ಚಾಗಿದೆ. ಅಷ್ಟು ಎತ್ತರಕ್ಕೆ ಹೋಗುವ ಪರಾಗಕ್ಕೆ ನಿಮ್ಮ ಕಾಂಪೌಂಡ್ ಗೋಡೆ ಲೆಕ್ಕವೇ? ಆಚೆ ಬೀದಿಯದ್ದು, ಕೆರೆ ದಂಡೆಯದ್ದು ಬಂದೇ ಬರುತ್ತದೆ. ಆದರೂ ಕಿಟಕಿಯ ಪಕ್ಕದಲ್ಲೇ ಇರುವ ರಾಶಿ ಹೋದರೆ ಮೂಗಿನ ಮೇಲಿನ ಹೊರೆ ಇಳಿಯುತ್ತದೆ.

ಅದಕ್ಕೆ ಸರಿಯಾದ ಸಮಯ ಈಗಲೇ. ಗಿಡ ಇನ್ನೂ ಕ್ಯಾರೆಟ್ ಸೊಪ್ಪಿನ ಹಾಗೆ ನೆಲಕ್ಕೆ ಹರಡಿಕೊಂಡಿದೆ, ಬಿಳಿ ಹೂ ಬಂದಿಲ್ಲ, ಮಳೆಗೆ ನೆಲ ಮೆತ್ತಗಿದೆ. ಬೇರು ಸಮೇತ ಕೀಳಿಸಿ. ಕತ್ತಿಯಲ್ಲಿ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೀಳುವವರಿಗೆ ಗ್ಲೌಸ್, ತುಂಬುತೋಳಿನ ಅಂಗಿ, ಮಾಸ್ಕ್ ಕೊಡಿ. ಕೆಲಸದವರು ಅಂತ ಬರಿಗೈಯಲ್ಲಿ ಕೀಳಿಸಬೇಡಿ, ನಿಮ್ಮ ಮೂಗಿನಷ್ಟೇ ಅವರ ಚರ್ಮವೂ ಮುಖ್ಯ. ಆ ದಿನ ನೀವು ಹತ್ತಿರ ಹೋಗಬೇಡಿ. ಹೂ ಬಂದ ಮೇಲೆ ಕಿತ್ತರೆ ಪರಾಗ, ಬೀಜ ಎರಡನ್ನೂ ನೀವೇ ಊರಿಗೆಲ್ಲ ಹಂಚಿದ ಹಾಗೆ. ಉಪ್ಪುನೀರು ಹೊಡೆಯುವ ಉಪಾಯ ಇದೆ, ಒಂದು ಲೀಟರಿಗೆ ಸುಮಾರು 200 ಗ್ರಾಂ. ಆದರೆ ಅದು ಮಣ್ಣು ಕೆಡಿಸುತ್ತದೆ. ಯಾರೋ ನಾಳೆ ಮನೆ ಕಟ್ಟಿ ತುಳಸಿ ನೆಡುವ ಜಾಗ ಅದು, ನನಗಂತೂ ಮನಸ್ಸಾಗುವುದಿಲ್ಲ. ಕಿತ್ತ ಜಾಗದಲ್ಲಿ ತಗಚೆ ಬೀಜ ಚೆಲ್ಲಿದರೆ ಅದು ಪಾರ್ಥೇನಿಯಂ ಏಳದ ಹಾಗೆ ಜಾಗ ಹಿಡಿಯುತ್ತದೆ. ಎಲೆಗಳ ಮೇಲೆ ಕೆನೆ ಬಣ್ಣದ ಬೆನ್ನಿಗೆ ಕಂದು ಗೆರೆ ಇರುವ ಸಣ್ಣ ದುಂಬಿ ಕಂಡರೆ ಸಾಯಿಸಬೇಡಿ. ಪಾರ್ಥೇನಿಯಂ ತಿನ್ನಲೆಂದೇ ಅದನ್ನು 1983ರಲ್ಲಿ ಮೆಕ್ಸಿಕೋದಿಂದ ತರಿಸಿದರು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷಿಸಿ, ಮರುವರ್ಷ ಬೆಂಗಳೂರಿನಲ್ಲೇ ಬಿಟ್ಟರು. ಇವತ್ತಿಗೂ ಮಳೆ ಬಿದ್ದ ಮೇಲೆ ಅದು ತನ್ನ ಕೆಲಸ ಮಾಡುತ್ತಿದೆ.

ಮನೆಯೊಳಗೆ ನೀವು ಮಾಡಬಹುದಾದ್ದು ಹೆಚ್ಚೇನಿಲ್ಲ, ಆದರೆ ಉಪಯೋಗ ಇದೆ. ಆ ಐದು ತಿಂಗಳು ಸೈಟಿನ ಕಡೆಯ ಕಿಟಕಿಯನ್ನು ಬೆಳಗಿನ ಹೊತ್ತು ಮುಚ್ಚಿಡಿ. ಬಟ್ಟೆ, ಮುಖ್ಯವಾಗಿ ದಿಂಬಿನ ಕವರ್, ತಾರಸಿಯಲ್ಲಿ ಒಣಗಿಸಬೇಡಿ. ಸಂಜೆ ಮನೆಗೆ ಬಂದ ಮೇಲೆ ಮುಖ ತೊಳೆದು ಬಟ್ಟೆ ಬದಲಾಯಿಸಿ. ತಲೆಗೆ ನೀರು ಹಾಕಿಕೊಳ್ಳುವ ದಿನ ರಾತ್ರಿ ಹಾಕಿಕೊಳ್ಳಿ. ಕೂದಲಿನಲ್ಲಿ ಕೂತ ಪರಾಗವೇ ರಾತ್ರಿಯೆಲ್ಲ ದಿಂಬಿನ ಮೇಲೆ ಇರುತ್ತದೆ. ಸ್ಕೂಟರಿನಲ್ಲಿ ಹೋಗುವಾಗ ಮಾಸ್ಕ್, ಕನ್ನಡಕ.

ಉಪ್ಪುನೀರಿನಲ್ಲಿ ಮೂಗು ತೊಳೆಯುವುದು ನಮಗೇನೂ ಹೊಸದಲ್ಲ, ಯೋಗದ ಜಲನೇತಿ ಅದೇ. ದಿನಕ್ಕೊಮ್ಮೆ, ಸಂಜೆ ಮನೆಗೆ ಬಂದಾಗ ಮಾಡಿದರೆ ಪರಾಗವನ್ನು ತೊಳೆದು ಹಾಕಿದ ಹಾಗೆ. ಆದರೆ ನಲ್ಲಿ ನೀರು, ಬೋರ್ ನೀರು ನೇರವಾಗಿ ಬೇಡವೇ ಬೇಡ. ಕುದಿಸಿ ಆರಿಸಿದ ನೀರು ಒಂದು ಲೋಟಕ್ಕೆ ಕಾಲು ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಕುದಿಸದ ನೀರಿನಲ್ಲಿರುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗಬಹುದು. ಅಪರೂಪ, ಆದರೆ ಪ್ರಾಣ ತೆಗೆಯುವಂಥದ್ದು.

ಈಗ ನೀವು ನಾಲ್ಕು ದಿನಕ್ಕೆ ಬಿಟ್ಟ ಸ್ಪ್ರೇ. ನಿಮ್ಮ ಕಾಯಿಲೆಗೆ ಇರುವ ಔಷಧಿಗಳಲ್ಲಿ ಅತ್ಯಂತ ಪರಿಣಾಮಕಾರಿ ಅದೇ. ಫ್ಲುಟಿಕಾಸೋನ್, ಮೊಮೆಟಾಸೋನ್ ಯಾವುದಾದರೂ ಸರಿ. ಸ್ಟೀರಾಯ್ಡ್ ಅಂದ ತಕ್ಷಣ ಮುಖ ಊದುವುದು, ಮೂಳೆ ಸವೆಯುವುದು ನೆನಪಾಗುತ್ತದೆ, ಗೊತ್ತು. ಅವೆಲ್ಲ ಹೆಚ್ಚು ಕಾಲ ಮಾತ್ರೆ, ಇಂಜೆಕ್ಷನ್ ತೊಗೊಂಡವರ ತೊಂದರೆ. ಸ್ಪ್ರೇಯಲ್ಲಿ ಇರುವುದು ಮೈಕ್ರೋಗ್ರಾಂ ಲೆಕ್ಕದ ಔಷಧಿ. ಮೂಗಿನಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ನಾಲ್ಕು ದಿನಕ್ಕೆ ಪರಿಣಾಮ ಕಾಣಲಿಲ್ಲ ಅನ್ನಿಸಿದ್ದರೆ ಅದೂ ಸಹಜ, ಪೂರ್ತಿ ಕೆಲಸ ಮಾಡಲು ಒಂದೆರಡು ವಾರ ಬೇಕು. ಸೀನು ಬಂದಾಗ ಹೊಡೆದುಕೊಂಡು, ಇಲ್ಲದಾಗ ಬಿಡುವ ಔಷಧಿ ಇದಲ್ಲ.

ಹೊಡೆಯುವ ರೀತಿ ಮುಖ್ಯ. ನಾನು ಕೈಗೆ ಬಾಟಲಿ ಕೊಟ್ಟು ತೋರಿಸಿ ಅಂದಾಗ ಹತ್ತರಲ್ಲಿ ಎಂಟು ಜನ ತಲೆ ಹಿಂದಕ್ಕೆ ಎತ್ತಿ, ಮೂಗಿನ ನಡುವಿನ ಗೋಡೆಗೆ ಹೊಡೆದು, ಜೋರಾಗಿ ಒಳಗೆಳೆದುಕೊಳ್ಳುತ್ತಾರೆ. ಮೂರೂ ತಪ್ಪು. ಔಷಧಿ ಗಂಟಲಿಗೆ ಹೋಗುತ್ತದೆ, ನಡುಗೋಡೆ ಒಣಗಿ ರಕ್ತ ಬರುತ್ತದೆ, ಆಮೇಲೆ ಸ್ಪ್ರೇ ಆಗಲ್ಲ ಅಂತ ಬಿಡುತ್ತಾರೆ. ಹೀಗೆ ಮಾಡಿ. ಮೊದಲು ಮೂಗು ಸೀಟಿಕೊಳ್ಳಿ. ಬಾಟಲಿ ಕುಲುಕಿ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಕಾಲ್ಬೆರಳು ನೋಡುವ ಹಾಗೆ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹೀಗೆ ಕೈ ಅಡ್ಡ ಹಿಡಿದರೆ ತುದಿ ತಾನಾಗಿ ಹೊರಗೋಡೆಯ ಕಡೆಗೆ, ಅದೇ ಬದಿಯ ಕಿವಿಯ ಕಡೆಗೆ ತಿರುಗುತ್ತದೆ. ಒತ್ತುವಾಗ ಮೆಲ್ಲಗೆ ಉಸಿರು ತೊಗೊಳ್ಳಿ, ಗುಲಾಬಿ ಮೂಸಿದಷ್ಟು ಸಾಕು. ಗಂಟಲಲ್ಲಿ ಕಹಿ ಬಂದರೆ ಜೋರಾಗಿ ಎಳೆದಿದ್ದೀರಿ ಅಂತ ಅರ್ಥ. ಮೂಗು ತೊಳೆಯುವುದಿದ್ದರೆ ಮೊದಲು ಅದು, ಹತ್ತು ನಿಮಿಷ ಬಿಟ್ಟು ಸ್ಪ್ರೇ.

ಮತ್ತೆ, ಈಗಲೇ ಶುರುಮಾಡಿ ಎಂದು ನಾನು ಹೇಳುವುದಕ್ಕೆ ಕಾರಣ ಇದು. ಸೀಸನ್ ಮೊದಲಲ್ಲಿ ನಿಮ್ಮ ಮೂಗು ಸೀನಲು ಸಾಕಷ್ಟು ಪರಾಗ ಬೇಕು. ದಿನ ದಿನ ತಾಗುತ್ತಾ ಒಳಪದರ ಕೆರಳಿ ಕೂತ ಮೇಲೆ ಅದರ ಒಂದು ಪಾಲು ಸಾಕು. ಅಕ್ಟೋಬರ್‌ನಲ್ಲಿ ಅಗರಬತ್ತಿ ಹೊಗೆ, ಒಗ್ಗರಣೆ ಘಾಟು, ಸೀಮೆಸುಣ್ಣದ ಪುಡಿಗೂ ಸೀನು ಬರುವುದು ಅದಕ್ಕೇ. ಆಗಸ್ಟ್‌ಗೆ ಎರಡು ವಾರ ಮುಂಚೆ, ಅಂದರೆ ಈ ತಿಂಗಳ ಮಧ್ಯದಿಂದ ನಿಮ್ಮ ಡಾಕ್ಟರ್ ಬರೆದ ಪ್ರಮಾಣದಲ್ಲಿ ದಿನಾ ಸ್ಪ್ರೇ ಹೊಡೆದು ಡಿಸೆಂಬರ್‌ವರೆಗೆ ಮುಂದುವರಿಸಿದರೆ, ಆ ಕೆರಳುವ ಹಂತಕ್ಕೇ ಹೋಗದಂತೆ ನೋಡಿಕೊಳ್ಳಬಹುದು. ಅದೊಂದೇ ಸಾಲದಿದ್ದರೆ ಅಜೆಲಾಸ್ಟಿನ್ ಅನ್ನುವ ಅಲರ್ಜಿ ಔಷಧಿ ಕೂಡ ಸೇರಿದ ಸ್ಪ್ರೇ ಇದೆ, ಬೇಗ ಕೆಲಸ ಮಾಡುತ್ತದೆ, ಸ್ವಲ್ಪ ಕಹಿ.

ನಿಮ್ಮ ತೂಕಡಿಕೆಗೆ ಕಾರಣ ಬಹುಶಃ ಹಳೆಯ ಕಾಲದ ಕ್ಲೋರ್‌ಫೆನಿರಮೈನ್. ಸೆಟಿರಿಜಿನ್ ಕೂಡ ಕೆಲವರಿಗೆ ನಿದ್ದೆ ತರುತ್ತದೆ. ಪಾಠ ಮಾಡುವವರು, ಗಾಡಿ ಓಡಿಸುವವರು ಫೆಕ್ಸೊಫೆನಡಿನ್, ಬಿಲಾಸ್ಟಿನ್, ಲೊರಾಟಡಿನ್ ಪೈಕಿ ಒಂದನ್ನು ಕೇಳಿ ಬರೆಸಿಕೊಳ್ಳಿ. ಮೊದಲೆರಡನ್ನು ಹಣ್ಣಿನ ಜ್ಯೂಸಿನ ಜೊತೆ ತೊಗೊಂಡರೆ ಕೆಲಸ ಕುಗ್ಗುತ್ತದೆ, ನೀರಿನ ಜೊತೆ ತೊಗೊಳ್ಳಿ. ಬಿಲಾಸ್ಟಿನ್ ಖಾಲಿ ಹೊಟ್ಟೆಗೆ.

ಒಂದು ಎಚ್ಚರಿಕೆ. ನಮ್ಮಲ್ಲಿ ಶೀತ ಅಂದರೆ ಸಾಕು, ಅಲರ್ಜಿ ಮಾತ್ರೆಯ ಜೊತೆ ಮಾಂಟೆಲುಕಾಸ್ಟ್ ಸೇರಿದ್ದನ್ನು ಕೊಟ್ಟುಬಿಡುತ್ತಾರೆ. ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ಕೆಟ್ಟ ಕನಸು, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಕೂಡ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಇದಕ್ಕೆ ತನ್ನ ಅತಿ ಗಂಭೀರ ಎಚ್ಚರಿಕೆ ಹಾಕಿ, ಬೇರೆ ಔಷಧಿ ಆಗದಿದ್ದರೆ ಮಾತ್ರ ಮೂಗಿನ ಅಲರ್ಜಿಗೆ ಬಳಸಿ ಎಂದಿತು. ಉಬ್ಬಸಕ್ಕೆಂದು ಡಾಕ್ಟರ್ ಬರೆದಿದ್ದರೆ ಕೇಳದೆ ನಿಲ್ಲಿಸಬೇಡಿ. ಆದರೆ ಸುಮ್ನೆ ಅಂಗಡಿಯಿಂದ ತಂದು, ಅದರಲ್ಲೂ ಮಗನಿಗೆ, ಕೊಡಬೇಡಿ. ಹಾಗೇ ಮೂಗಿಗೆ ಹಾಕಿದ ತಕ್ಷಣ ತೆರೆಯುವ ಆಕ್ಸಿಮೆಟಜೊಲಿನ್, ಜೈಲೊಮೆಟಜೊಲಿನ್ ಹನಿಗಳು ಐದು ದಿನದ ಮೇಲೆ ಬೇಡ. ಆಮೇಲೆ ಹನಿ ಹಾಕದೆ ಮೂಗು ತೆರೆಯುವುದೇ ಇಲ್ಲ. ಜೇಬಿನಲ್ಲೊಂದು, ಕಾರಿನಲ್ಲೊಂದು, ದಿಂಬಿನ ಕೆಳಗೊಂದು ಬಾಟಲಿ ಇಟ್ಟುಕೊಂಡು ವರ್ಷಗಟ್ಟಲೆ ನರಳಿದವರನ್ನು ಆ ಅಭ್ಯಾಸದಿಂದ ಬಿಡಿಸಿದ್ದೇನೆ, ಬಿಡಿಸುವುದು ಸುಲಭ ಅಲ್ಲ. ವರ್ಷಕ್ಕೊಂದು ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರೆ ಸೀಸನ್ ಕಳೆಯುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೀವು ಹೆದರಬೇಕಾದ ಸ್ಟೀರಾಯ್ಡ್ ಅದು.

ಅಲರ್ಜಿ ಇಂಜೆಕ್ಷನ್ ಅಂದರೆ ಬೇರೆ. ಯಾವ ಪರಾಗ ತೊಂದರೆ ಕೊಡುತ್ತದೋ ಅದನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ದೇಹಕ್ಕೆ ರೂಢಿ ಮಾಡಿಸುವುದು. ಲಂಡನ್ನಿನಲ್ಲಿ ಲೆನಾರ್ಡ್ ನೂನ್ 1911ರಲ್ಲಿ ಹುಲ್ಲಿನ ಪರಾಗದಿಂದಲೇ ಇದನ್ನು ಮಾಡಿ ಪ್ರಕಟಿಸಿದರು. ಹುಲ್ಲಿನ ಪರಾಗಕ್ಕೆ ಇದು ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇದೆ. ಪಾರ್ಥೇನಿಯಂಗೆ ಅಷ್ಟು ದೊಡ್ಡ ಅಧ್ಯಯನಗಳಿಲ್ಲ. ಮೂರು ವರ್ಷ ಬಿಡದೆ ತೊಗೋಬೇಕು, ಪ್ರತಿ ಸಲ ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಅಪರೂಪಕ್ಕೆ ಮೈಯೆಲ್ಲ ಅಲರ್ಜಿಯಾಗಿ ರಕ್ತದೊತ್ತಡ ಬೀಳಬಹುದು, ಅದಕ್ಕೆ. ಈ ವರ್ಷ ಸ್ಪ್ರೇಯನ್ನು ಸರಿಯಾಗಿ ಬಳಸಿ ನೋಡಿ. ಅದಾದ ಮೇಲೂ ಕಷ್ಟವಿದ್ದು, ಪ್ರಿಕ್ ಟೆಸ್ಟ್‌ನಲ್ಲಿ ಒಂದೆರಡೇ ಕಾರಣ ಸ್ಪಷ್ಟವಾಗಿದ್ದರೆ ಆಗ ಯೋಚಿಸೋಣ.

ಮೆಲ್ಬರ್ನ್ ವಿಷಯಕ್ಕೆ ನಿಮಗಿಂತ ನಿಮ್ಮ ತಮ್ಮನ ಬಗ್ಗೆ ನನಗೆ ಹೆಚ್ಚು ಯೋಚನೆ. ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ರೈಗ್ರಾಸ್ ಎಂಬ ಹುಲ್ಲಿನ ಪರಾಗದ ಕಾಲ. 2016ರ ನವೆಂಬರ್ 21ರ ಸಂಜೆ, ಬಿಸಿಲಿನ ದಿನದ ಕೊನೆಗೆ ಗುಡುಗು ಮಳೆಯ ಗಾಳಿ ಬೀಸಿತು. ತೇವಕ್ಕೆ ಪರಾಗದ ಕಾಳುಗಳು ಒಡೆದು ಇನ್ನೂ ಸಣ್ಣ ಚೂರುಗಳಾದವು. ಇಡೀ ಕಾಳು ಮೂಗಿನಲ್ಲೇ ನಿಲ್ಲುತ್ತದೆ, ಚೂರು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದೇ ರಾತ್ರಿ ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದರು, ಹತ್ತು ಜನ ತೀರಿಕೊಂಡರು. ಆಸ್ಪತ್ರೆ ಸೇರಿದವರಲ್ಲಿ ಎಷ್ಟೋ ಜನಕ್ಕೆ ಮೊದಲು ಉಬ್ಬಸವೇ ಇರಲಿಲ್ಲ, ಇದ್ದದ್ದು ನಿಮ್ಮಂಥ ಮೂಗಿನ ಅಲರ್ಜಿ. ಭಾರತ ಮತ್ತು ಏಷ್ಯಾದ ಬೇರೆ ಕಡೆಯಿಂದ ಹೋಗಿ ನೆಲೆಸಿದವರ ಪಾಲು ಅದರಲ್ಲಿ ಜಾಸ್ತಿ ಇತ್ತು. ನಮ್ಮ ಗರಿಕೆಗೂ ಅವರ ರೈಗ್ರಾಸ್‌ಗೂ ಹತ್ತಿರದ ನಂಟಿಲ್ಲ. ಹಾಗಾಗಿ ಕೆಲವು ವಾರಕ್ಕೆ ಹೋಗುವ ನಿಮಗೆ ಅಪಾಯ ಕಡಿಮೆ. ಅಲ್ಲೇ ವರ್ಷಗಳಿಂದ ಇರುವ ತಮ್ಮನಿಗೆ ಅದು ಅಂಟಿಕೊಂಡಿರಬಹುದು. ನವೆಂಬರ್ ಬಂದರೆ ಸೀನುತ್ತಾನಾ ಕೇಳಿ. ಹೌದು ಅಂದರೆ, ಅವನೂ ಅಲ್ಲಿನ ಡಾಕ್ಟರನ್ನು ಕಂಡು ಮೂಗಿಗೆ ಸ್ಪ್ರೇ ಶುರುಮಾಡಲಿ, ಇನ್ಹೇಲರ್ ಬೇಕಾ ಕೇಳಲಿ. ಗುಡುಗಿನ ಮುನ್ಸೂಚನೆ ಇದ್ದ ದಿನ ಎಲ್ಲರೂ ಕಿಟಕಿ ಮುಚ್ಚಿ ಒಳಗಿರಿ. ನಿಮ್ಮ ಸ್ಪ್ರೇಯನ್ನೂ ಜೊತೆಗೆ ಒಯ್ಯಿರಿ, ಅಲ್ಲೂ ಬಿಡಬೇಡಿ.

ಮಗನ ಬಗ್ಗೆ. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುತ್ತಾನಾ? ಮೂಗಿನ ಮೇಲೆ ಅಡ್ಡಗೆರೆ ಬಿದ್ದಿದೆಯಾ? ಕಣ್ಣಿನ ಕೆಳಗೆ ನಿದ್ದೆಗೆಟ್ಟವರ ಹಾಗೆ ಕಪ್ಪಾಗಿದೆಯಾ? ಬಾಯಿ ತೆರೆದು ಮಲಗುತ್ತಾನಾ? ಹೌದಾದರೆ ಅವನಿಗೂ ಅಲರ್ಜಿ ಇರುವ ಸಾಧ್ಯತೆ ಹೆಚ್ಚು. ತಾಯಿಗಿದ್ದರೆ ಮಕ್ಕಳಿಗೆ ಬರುವುದು ಅಪರೂಪ ಅಲ್ಲ. ಎಂಟು ವರ್ಷಕ್ಕೆ ಇದೇ ಸ್ಪ್ರೇಗಳನ್ನು ಕಡಿಮೆ ಪ್ರಮಾಣದಲ್ಲಿ ಕೊಡಬಹುದು. ಸ್ಪ್ರೇಯಿಂದ ಬೆಳವಣಿಗೆಗೆ ಅಡ್ಡಿಯಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಆರು ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಡುತ್ತೇವೆ. ನಿಮ್ಮ ಹಳೆಯ ಮಾತ್ರೆ ಅವನಿಗೆ ಕೊಡಬೇಡಿ, ನಿಮಗೆ ಬಂದ ತೂಕಡಿಕೆ ಅವನಿಗೂ ಪಾಠದ ಹೊತ್ತಿನಲ್ಲಿ ಬರುತ್ತದೆ. ಇನ್ನೊಂದನ್ನು ಮಾತ್ರ ಗಮನಿಸಿ. ಓಡಿ ಆಡಿ ಬಂದ ಮೇಲೆ ಕೆಮ್ಮುತ್ತಾನಾ, ಬೆಳಗಿನ ಜಾವ ಕೆಮ್ಮಿ ಏಳುತ್ತಾನಾ, ಎದೆಯಲ್ಲಿ ಸುಯ್ ಸುಯ್ ಅನ್ನುತ್ತಾ ಅಂತ ರಾತ್ರಿ ಅವನ ಪಕ್ಕ ಕೂತು ಕೇಳಿ. ಮೂಗಿನ ಅಲರ್ಜಿ ಇರುವ ಮಕ್ಕಳಲ್ಲಿ ಉಬ್ಬಸ ಹೀಗೆ ಕೆಮ್ಮಾಗಿ ಶುರುವಾಗುತ್ತದೆ. ಹಾಗೇನಾದರೂ ಕಂಡರೆ ಆಗಸ್ಟ್‌ಗೆ ಕಾಯದೆ ಈ ವಾರವೇ ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.